ಬಾಯಿ ಬಿಡುವ ಪಾಠ

ಗ್ರಿಮ್ಸ್‌ಬಿಯ ಬಂದರಿನಿಂದ ಎರಡು ಬೀದಿ ಹಿಂದೆ
ಚರ್ಚಿನ ನೆಲಮಾಳಿಗೆ. ಒಂದೇ ಹೀಟರು, ಅದೂ ಕೆಮ್ಮುತ್ತದೆ.
ಮಂಗಳವಾರ ಸಂಜೆ ಆರರಿಂದ ಎಂಟರವರೆಗೆ ನಾನು ಟೀಚರು,
ಮೂವತ್ತೊಂದು ವರ್ಷ ಕಾರ್ಖಾನೆಯಲ್ಲಿ ಮೀನು ಸೀಳಿದವಳು.
ಕೈಗೆ ಸೀಮೆಸುಣ್ಣ ಇನ್ನೂ ಒಗ್ಗಿಲ್ಲ,
ಚೂರಿಯ ಹಾಗೆ ಹಿಡಿಯುತ್ತೇನೆ.

ಇವತ್ತಿನ ಪಾಠ ಅವರೇ ಕೇಳಿದ್ದು.
ಬಸ್ಸಿನ ಟಿಕೆಟ್ಟು, ಡಾಕ್ಟರ ಅಪಾಯಿಂಟ್‌ಮೆಂಟು ಆಮೇಲಾಗಲಿ,
ಫರ್ಶಾದನಿಗೆ ಹನ್ನೊಂದನೆಯ ತಾರೀಖು ಸಂದರ್ಶನ.
ಶಿರಾಜಿನಿಂದ ಓಡಿಬಂದವನು ನಿಜಕ್ಕೂ ಕ್ರಿಸ್ತನ ಕಡೆಯವನೇ ಎಂದು
ಮೇಜಿನಾಚೆಯ ಒಬ್ಬರು
ಪದ ಪದ ಎತ್ತಿ ತೂಗುತ್ತಾರಂತೆ.

ಕರಿಹಲಗೆಯ ಮೇಲೆ ಬರೆದೆ: ಫಾಂಟ್.
'ಅಕ್ಷರದ ಫಾಂಟಾ?' ಎಂದ,
ಊರಲ್ಲಿ ಅಚ್ಚುಕೂಟ ಇಟ್ಟಿದ್ದವನು.
ಅಲ್ಲಪ್ಪ, ಕಲ್ಲಿನ ತೊಟ್ಟಿ, ದೀಕ್ಷಾಸ್ನಾನದ್ದು.
ಮೇಲೆ ಹೋಗಿ ನೋಡು, ಯಾರೋ ಅದರೊಳಗೆ
ಒದ್ದೆ ಛತ್ರಿ ಇಟ್ಟಿದ್ದಾರೆ.

ಮಾಸ್.
ಲೆತೆಬ್ರಹಾನ್ ಕೈಯೆತ್ತಿದಳು: 'ಕಿಲೋದಲ್ಲಿ ಅಳೆಯುವುದಲ್ಲವೇ?'
ಎರಿಟ್ರಿಯದ ಶಾಲೆಯೊಂದರಲ್ಲಿ ವಿಜ್ಞಾನ ಕಲಿಸುತ್ತಿದ್ದವಳು.
ಅಲ್ಲಮ್ಮ ಅಂದೆ.
ಆಮೇಲೆ, ಇರಬಹುದೇನೋ ಅಂದೆ.

ಹೋಸ್ಟ್. ಬಂದವರಿಗೆ ಬಾಗಿಲು ತೆರೆದು ಉಣಬಡಿಸುವವನು ಹೋಸ್ಟ್.
ಪಾದ್ರಿ ಎತ್ತಿ ತೋರಿಸುವ, ತೆಳ್ಳಗಿನ,
ರುಚಿಯೇ ಇಲ್ಲದ ರೊಟ್ಟಿಯ ಬಿಲ್ಲೆಯೂ ಹೋಸ್ಟ್.
'ಬಡಿಸುವವನೂ ಅವನೇ, ತಟ್ಟೆಯಲ್ಲಿರುವುದೂ ಅವನೇ?'
ಮೂರು ಜನ ಮೂರು ಭಾಷೆಯಲ್ಲಿ ತಲೆದೂಗಿದರು.
ಅರವತ್ತೆಂಟು ವರ್ಷ ಆ ಪದ ನನ್ನ ಬಾಯಲ್ಲೇ ಇತ್ತು,
ಒಮ್ಮೆಯೂ ಅಗಿದು ನೋಡಿರಲಿಲ್ಲ.

ಸಂಸ್ಕಾರಗಳು ಎಷ್ಟು?
ನಮ್ಮ ಪಾದ್ರಿಯನ್ನು ಕೇಳಿದರೆ ಎರಡು,
ಲೆತೆಬ್ರಹಾನಳ ಅಜ್ಜಿಯನ್ನು ಕೇಳಿದರೆ ಏಳು.
'ಆಫೀಸರ ಕಾಗದದಲ್ಲಿ ಎಷ್ಟಿದೆ?'
ಅದು ನನಗೆ ಗೊತ್ತಿಲ್ಲ ಫರ್ಶಾದ್.
ಎರಡು, ಏಳು, ಎರಡನ್ನೂ ಬರೆದುಕೊಂಡ,
ನಡುವೆ ಒಂದು ಗೆರೆ ಎಳೆದು.

ಕನ್ಫೆಷನ್ ಎಂದು ಬರೆದಾಗ
ಅವನ ಪೆನ್ನು ನಿಂತಿತು.
'ಇದು ಗೊತ್ತು. ನಮ್ಮಲ್ಲೂ ಇದೆ.
ಮುಖಕ್ಕೆ ದೀಪ ಹಿಡಿದು ಬಾಯಿ ಬಿಡು ಅನ್ನುತ್ತಾರೆ,
ಬಿಡದಿದ್ದರೆ ಬಿಡಿಸುತ್ತಾರೆ.
ಅವರು ಬರೆದದ್ದರ ಕೆಳಗೆ ನಮ್ಮ ಸಹಿ.
ನಾಲ್ಕನೆಯ ರಾತ್ರಿ ಮಾಡಿದೆ.
ಅದರಲ್ಲಿ ಮೂವರ ಹೆಸರಿತ್ತು.'

ಹೀಟರು ಕೆಮ್ಮಿತು.
ಆ ಮೂವರು ಏನಾದರು ಎಂದು ಯಾರೂ ಕೇಳಲಿಲ್ಲ.
ಡಸ್ಟರು ಎತ್ತಿಕೊಂಡೆ. ಕೆಳಗಿಟ್ಟೆ.
ಆ ಪದವನ್ನು ಅಳಿಸಿದರೂ ತಪ್ಪು, ಉಳಿಸಿದರೂ ತಪ್ಪು.

ಟೀ ಕುಡಿಯೋಣ ಎಂದೆ. ನಮ್ಮ ಕಡೆ
ಏನು ಹೇಳಲೂ ತೋಚದಾಗ ಹೇಳುವುದು ಅದನ್ನೇ.
ಲೆತೆಬ್ರಹಾನ್ ಬಿಸ್ಕತ್ತಿನ ಪೊಟ್ಟಣ ಬಿಚ್ಚುತ್ತ,
'ಇಲ್ಲಿ ಕಮ್ಯುನಿಯನ್ ಹೇಗೆ ತಗೊಳ್ಳೋದು? ಒಮ್ಮೆ ಮಾಡಿ ತೋರಿಸಿ' ಎಂದಳು.
ಮಂಡಿಯೂರಿ, ಬಲಗೈ ಮೇಲೆ, ಎಡಗೈ ಕೆಳಗೆ.
ಬೊಗಸೆ ಒಡ್ಡಬಹುದು, ಇಲ್ಲವೇ ಬಾಯಿ ಬಿಡಬಹುದು,
ಎಂದವಳು ನಾಲಗೆ ಕಚ್ಚಿಕೊಂಡೆ.

ಫರ್ಶಾದ್ ಎದ್ದು ಬಂದ.
ಸಿಮೆಂಟಿನ ನೆಲದ ಮೇಲೆ ಮಂಡಿಯೂರಿ
ಕಣ್ಣು ಮುಚ್ಚಿದ. ಬಾಯಿ ಬಿಟ್ಟ.
ಕೆಳಸಾಲಿನಲ್ಲಿ ಎರಡು ಹಲ್ಲು ಇರಲಿಲ್ಲ.
ಕಾಲು ಚೂರು ಬಿಸ್ಕತ್ತು ಇಟ್ಟೆ. ಕೈ ನಡುಗಿತು,
ಮೀನಿನ ಮುಂದೆ ಎಂದೂ ನಡುಗದ ಕೈ.
ಪಾದ್ರಿಗೆ ಹೇಳಬೇಡಿ, ಇದು ಬರೀ ಪ್ರಾಕ್ಟೀಸು ಎಂದೆ.

ಅವನು ಪುಡಿ ಒರೆಸಿಕೊಂಡು ಇನ್ನೊಂದು ಮುರಿದ.
'ಈಗ ನೀವು, ಮಿಸೆಸ್ ಟ್ಯಾಟರ್ಸಾಲ್.'

ಲಿಯೊನಾರ್ಡನನ್ನು ಮಣ್ಣು ಮಾಡಿದ ಮೇಲೆ
ಈ ಮೆಟ್ಟಿಲು ಹತ್ತಿ ಮೇಲೆ ಹೋಗಿಲ್ಲ ನಾನು,
ಹದಿನಾಲ್ಕು ವರ್ಷ. ನೆಲಮಾಳಿಗೆಗೆ ಬೇರೆ ಬಾಗಿಲಿದೆ.
ಅದನ್ನು ಇವರಿಗೆ ಯಾವ ಪದದಲ್ಲಿ ಹೇಳಲಿ?

ಚಾಲಿಸ್, ಬ್ಲೆಸಿಂಗ್, ಎರಡು ಪದ ಹಾಗೇ ಉಳಿದವು.
ಎಂಟೂಕಾಲಿಗೆ ಅವರ ಬಸ್ಸು.
ಕುರ್ಚಿ ಮಡಚಿದೆ, ಹೀಟರಿನ ವಯರು ಕಿತ್ತೆ,
ಬಿಸ್ಕತ್ತನ್ನು ಅಗಿಯದೆ ನಾಲಗೆಯ ಮೇಲೇ ಇಟ್ಟುಕೊಂಡು
ದೀಪ ಆರಿಸಿದೆ.